ಓಮ್ನಿಯ ಹಿಂದಿನ ಡಿಫರೆನ್ಷಿಯಲ್: ಯಾರೂ ಬಿಚ್ಚದ ಬೋಲ್ಟು

ನಾನಿರೋದು ಪುಣೆಯಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರ್. ಇವತ್ತಿನ ಮಾತು ಹಳೇ ಮಾರುತಿ ಓಮ್ನಿಯ ಹಿಂದಿನ ಆಕ್ಸಲ್ ಬಗ್ಗೆ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿ 2019ರವರೆಗೂ ತಯಾರಾಯಿತು. ಸಿನಿಮಾಗಳಲ್ಲಿ ಹೀರೋಯಿನ್ ಅಪಹರಣಕ್ಕೆ ಬಳಸಿದ್ದೇ ಹೆಚ್ಚು ಅನಿಸಿದರೂ, ತರಕಾರಿ, ಸಿಲಿಂಡರ್, ಸ್ಕೂಲ್ ಮಕ್ಕಳನ್ನು ಹೊತ್ತು ಇನ್ನೂ ಎಷ್ಟೋ ಓಡ್ತಾ ಇವೆ. ಎಂಜಿನ್ ಆಯಿಲ್ ಎಲ್ಲರೂ ಬದಲಿಸ್ತಾರೆ. ಡಿಫರೆನ್ಷಿಯಲ್ ಆಯಿಲ್ ಅಂದ್ರೆ "ಅದೂ ಒಂದಿದೆಯಾ?" ಅಂತಾರೆ. ಇದೆ. ಅದನ್ನು ಮರೆತರೆ ಗೇರ್ ಅಷ್ಟೇ ಅಲ್ಲ, ಬ್ರೇಕೂ ಕೈಕೊಡಬಹುದು.

ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಟೈರ್ ಉಜ್ಜುತ್ತೆ. ಡಿಫರೆನ್ಷಿಯಲ್ ಮಾಡೋದು ಒಂದು ಸರಾಸರಿ ಲೆಕ್ಕ: ಎರಡೂ ಚಕ್ರಗಳ ವೇಗದ ಸರಾಸರಿ ಯಾವಾಗಲೂ ಕ್ರೌನ್ ವೀಲ್‌ನ ವೇಗಕ್ಕೆ ಸಮ. ಎಂಜಿನ್ ಆಫ್ ಮಾಡಿ, ಗಾಡಿ ಗೇರ್‌ನಲ್ಲಿಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಒಂದನ್ನು ತಿರುಗಿಸಿ ನೋಡಿ, ಇನ್ನೊಂದು ಉಲ್ಟಾ ತಿರುಗುತ್ತೆ. ಸರಾಸರಿ ಸೊನ್ನೆ!

ಈ ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸೋ ಪಿನಿಯನ್ ಹೈಪಾಯ್ಡ್ ಮಾದರಿಯವು. ಪಿನಿಯನ್ ಮಧ್ಯಕ್ಕಿಂತ ಕೆಳಗೆ ಕೂತಿರುತ್ತೆ, ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಸಾದಾ ಎಣ್ಣೆ ನಿಲ್ಲೋದಿಲ್ಲ. ಗಂಧಕ-ರಂಜಕ ಸೇರಿದ ಜಿಎಲ್-5 ದರ್ಜೆಯ ಆಯಿಲ್ ಬೇಕು, ಸಾಮಾನ್ಯವಾಗಿ 80ಡಬ್ಲ್ಯೂ-90. ಆ ಕೊಳೆತ ಮೊಟ್ಟೆ ವಾಸನೆ ಅದರದ್ದೇ. ಉಳಿದದ್ದನ್ನು ಗೇರ್‌ಬಾಕ್ಸ್‌ಗೆ ಸುರಿಯಬೇಡಿ. ಕೆಲವು ಜಿಎಲ್-5 ಆಯಿಲ್ ಅಲ್ಲಿನ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್‌ಗಳನ್ನು ತಿನ್ನುತ್ತೆ. ಅದಕ್ಕೆ ಕೈಪಿಡಿಯಲ್ಲಿ ಹೇಳಿದ್ದೇ ಹಾಕಿ.

ಈಗ ಕೆಲಸ. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು, ಅವೇ ಗಾಳಿಯಲ್ಲಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ, ದಯವಿಟ್ಟು. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದಿದ್ದರೆ ಎಣ್ಣೆ ಬೆಚ್ಚಗಾಗಿ ಚೆನ್ನಾಗಿ ಇಳಿಯುತ್ತೆ. ಮೊದಲು ಬಿಚ್ಚಬೇಕಾದ್ದು ಮೇಲಿನ ತುಂಬುವ ಬೋಲ್ಟು, ಕೆಳಗಿನದ್ದಲ್ಲ. ವರ್ಷಗಟ್ಟಲೆ ಮುಟ್ಟದ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದ್ರೂ ಅಲುಗದಿರಬಹುದು. ಎಣ್ಣೆ ಎಲ್ಲ ಚೆಲ್ಲಿದ ಮೇಲೆ ಅದು ಗೊತ್ತಾದರೆ ಗಾಡಿ ಅಲ್ಲೇ ಠಿಕಾಣಿ.

ಇಳಿದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣುಪು ಪೇಸ್ಟ್ ಸಹಜ ಸವೆತ. ಚೂರುಗಳು ಸಿಕ್ಕರೆ ಹಲ್ಲೋ ಬೇರಿಂಗೋ ಒಡೀತಾ ಇದೆ, ಹೊಸ ಎಣ್ಣೆ ಅದನ್ನು ಸರಿಮಾಡಲ್ಲ. ತುಂಬುವಾಗ ಗಾಡಿಯನ್ನು ಸಮತಟ್ಟಾಗಿಟ್ಟು, ದೊಡ್ಡ ಸಿರಿಂಜ್‌ನಿಂದ, ತೂತಿನ ಕೆಳ ಅಂಚಿನವರೆಗೆ. ಹೆಚ್ಚು ಹಾಕಿದರೆ ಒಳ್ಳೇದಲ್ವಾ? ಅಲ್ಲ.

ಯಾಕೆ ಅಂದ್ರೆ ಆಕ್ಸಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತೆ. ಅದು ಹೊರಹೋಗಲು ಮೇಲೊಂದು ಸಣ್ಣ ಬ್ರೀದರ್ ಇದೆ. ಕೆಸರು ಕಟ್ಟಿ ಅದು ಮುಚ್ಚಿದರೆ ಗಾಳಿ ಎಣ್ಣೆಯನ್ನು ಆಕ್ಸಲ್ ತುದಿಯ ಸೀಲ್‌ಗಳ ಕಡೆ ತಳ್ಳುತ್ತೆ. ಸೀಲ್ ದಾಟಿದರೆ ಮುಂದೆ ಇರೋದೇ ಬ್ರೇಕ್ ಡ್ರಮ್! ಲೈನಿಂಗ್ ಎಣ್ಣೆ ಕುಡಿದು, ಒಂದು ಕಡೆಯ ಬ್ರೇಕ್ ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆಯುತ್ತೆ. ಟೈರಿನ ಒಳಮೈ ಮೇಲೆ ಕಪ್ಪು ಜಿಡ್ಡು, ಗಂಧಕದ ವಾಸನೆ ಇದ್ದರೆ ಇದೇ. ಬ್ರೇಕ್ ಫ್ಲೂಯಿಡ್ ಸೋರಿದ್ದರೆ ತೆಳ್ಳಗಿರುತ್ತೆ. "ಪೆಟ್ರೋಲಲ್ಲಿ ತೊಳೆದು ಹಾಕ್ತೀನಿ ಸಾರ್" ಅನ್ನೋ ಮಾತಿಗೆ ಒಪ್ಪಬೇಡಿ. ಹೀರಿದ ಎಣ್ಣೆ ಡ್ರಮ್ ಬಿಸಿಯಾದಾಗ ಮತ್ತೆ ಒಸರುತ್ತೆ. ಸೀಲ್ ಹೊಸದು, ಎರಡೂ ಬದಿಯ ಶೂ ಹೊಸದು, ಬ್ರೀದರ್ ಸ್ವಚ್ಛ, ಮೂರೂ ಒಟ್ಟಿಗೆ. ಬ್ರೀದರ್ ಬಿಟ್ಟು ಸೀಲ್ ಮಾತ್ರ ಬದಲಿಸಿದರೆ ಹೊಸ ಸೀಲೂ ಅದೇ ದಾರಿ ಹಿಡಿಯುತ್ತೆ.

ಶಬ್ದದ ವಿಷಯ ಸ್ವಲ್ಪ. ಆಕ್ಸಿಲರೇಟರ್ ಒತ್ತಿದಾಗ ಒಂಥರಾ, ಬಿಟ್ಟಾಗ ಇನ್ನೊಂಥರಾ ಊಳಿಟ್ಟರೆ ಕ್ರೌನ್-ಪಿನಿಯನ್ ಮೇಲೆ ಅನುಮಾನ. ತಿರುವಿನಲ್ಲಿ ಮಾತ್ರ ಕೇಳಿದರೆ ಒಳಗಿನ ಸಣ್ಣ ಗೇರುಗಳ ಮೇಲೆ, ಇಲ್ಲವೇ ಚಕ್ರದ ಬೇರಿಂಗ್ ಮೇಲೆ. ಇಂಥ ಶಬ್ದವನ್ನು ದಪ್ಪ ಎಣ್ಣೆ ಸುರಿದು ಅಡಗಿಸಿ ಮಾರೋರಿದ್ದಾರೆ. ಹಳೇ ಗಾಡಿ ಕೊಳ್ಳೋರು ಟೆಸ್ಟ್ ಡ್ರೈವ್‌ನಲ್ಲಿ ಸ್ಟೀರಿಯೋ ಆಫ್ ಮಾಡಿಸಿ ಕೇಳಿ. ಕ್ರೌನ್-ಪಿನಿಯನ್ ಜೋಡಿಯಾಗೇ ಬದಲಿಸಬೇಕು, ಬೇರೆ ಬೇರೆ ಗಾಡಿಯದ್ದು ತಂದು ಸೇರಿಸೋದಲ್ಲ. ಆ ಸೆಟ್ಟಿಂಗ್ ಕೆಲಸವನ್ನು ನಾನೂ ಮನೆಯಲ್ಲಿ ಮಾಡಲ್ಲ, ಡಯಲ್ ಗೇಜ್ ಇರೋರಿಗೆ ಬಿಡ್ತೀನಿ.

ಎಣ್ಣೆಯನ್ನು ನಾನು 40,000 ಕಿಲೋಮೀಟರಿಗೊಮ್ಮೆ ಬದಲಿಸ್ತೀನಿ. ಮುಂಬೈ, ಚೆನ್ನೈನವರಿಗೆ ಈ ಲೆಕ್ಕ ಸಾಲದು. ಬಿಸಿ ಆಕ್ಸಲ್ ಮಳೆನೀರಲ್ಲಿ ಮುಳುಗಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ ನೀರನ್ನು ಒಳಗೆಳೆಯುತ್ತೆ. ನೀರು ಇಳಿದ ಮೇಲೆ ತುಂಬುವ ಬೋಲ್ಟು ಬಿಚ್ಚಿ, ಬೆರಳು ಹಾಕಿ ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿ ಥರ ಇದ್ದರೆ ಆ ವಾರವೇ ಬದಲಿಸಿ.