ಬಾಡಿಗೆ ಕರಾರಿಗೆ ಮೊಬೈಲ್‌ನಲ್ಲೇ ಸಹಿ: ಒಟಿಪಿ ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮನೆ ನೋಡಿದ್ದಾಯಿತು, ಅಡ್ವಾನ್ಸ್ ಮಾತೂ ಮುಗಿಯಿತು. ಉಳಿದದ್ದು ಕರಾರು ಪತ್ರ. ಈಗ ಅದಕ್ಕೂ ಓಡಾಡಬೇಕಿಲ್ಲ. ಬ್ರೋಕರ್ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಕಳಿಸುತ್ತಾರೆ. ಆಧಾರ್ ಸಂಖ್ಯೆ ಹಾಕಿ ಒಟಿಪಿ ಒತ್ತಿದರೆ ಸಹಿ ಆಯಿತು ಎಂಬ ಸಂದೇಶ ಬರುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದೇ ಹಲವರು ತಿಳಿಯುತ್ತಾರೆ. ಆದರೆ ಬಾಡಿಗೆ ಕರಾರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ: ಸಹಿ, ಮುದ್ರಾಂಕ ಶುಲ್ಕ ಮತ್ತು ನೋಂದಣಿ. ಒಟಿಪಿಯಿಂದ ಆಗುವುದು ಮೊದಲನೆಯದು ಮಾತ್ರ. ಲಕ್ಷಗಟ್ಟಲೆ ಅಡ್ವಾನ್ಸ್ ಕೊಟ್ಟವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಇ-ಸಹಿ ಎಂದರೆ ಏನು?

ಎಲೆಕ್ಟ್ರಾನಿಕ್ ಸಹಿಗೆ ಮಾನ್ಯತೆ ಕೊಟ್ಟಿರುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಆಧಾರ್ ಮೂಲಕ ಹಾಕುವ ಇ-ಸಹಿ 2015ರಿಂದ ಈ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಕೇಂದ್ರ ಸರ್ಕಾರದ ನಿಯಂತ್ರಕರಿಂದ ಪರವಾನಗಿ ಪಡೆದ ಸಿ-ಡ್ಯಾಕ್, ಇಮುದ್ರಾದಂಥ ಸಂಸ್ಥೆಗಳು ಮಾತ್ರ ಈ ಸೇವೆ ಕೊಡಬಹುದು.

ನೀವು ಒಟಿಪಿ ಹಾಕಿದಾಗ ಆಧಾರ್ ವ್ಯವಸ್ಥೆ ನಿಮ್ಮ ಗುರುತನ್ನು ಖಚಿತಪಡಿಸುತ್ತದೆ. ಬಳಿಕ ಆ ಒಂದು ದಾಖಲೆಗಷ್ಟೇ ಬಳಕೆಯಾಗುವ ಡಿಜಿಟಲ್ ಕೀಲಿ ತಯಾರಾಗಿ, ಸಹಿ ಬಿದ್ದ ಮೇಲೆ ಅಳಿಸಿಹೋಗುತ್ತದೆ. ನಂತರ ಯಾರಾದರೂ ಬಾಡಿಗೆಯ ಒಂದು ಅಂಕಿ ತಿದ್ದಿದರೂ ಪರಿಶೀಲನೆಯಲ್ಲಿ ಅದು ಗೊತ್ತಾಗುತ್ತದೆ.

ಕಾಗದದ ಮೇಲೆ ಸಹಿ ಮಾಡಿ, ಅದರ ಫೋಟೊ ತೆಗೆದು ಪಿಡಿಎಫ್‌ಗೆ ಅಂಟಿಸುವುದು ಬೇರೆ ಮಾತು. ಅದು ಕಾಯ್ದೆ ಹೇಳುವ ಎಲೆಕ್ಟ್ರಾನಿಕ್ ಸಹಿಯಲ್ಲ. ಜಗಳ ಬಂದಾಗ ‘ಅದನ್ನು ಅಂಟಿಸಿದ್ದು ನಾನಲ್ಲ’ ಎಂದು ಎದುರಿನವರು ಸುಲಭವಾಗಿ ಹೇಳಬಹುದು.

ಸ್ಟಾಂಪ್ ಮೊದಲು, ಸಹಿ ಆಮೇಲೆ

ಮುದ್ರಾಂಕ ಶುಲ್ಕವನ್ನು ಸಹಿ ಹಾಕುವ ಮೊದಲು ಅಥವಾ ಸಹಿ ಹಾಕುವ ಹೊತ್ತಿಗೆ ಕಟ್ಟಿರಬೇಕು. ಶುಲ್ಕ ಕಟ್ಟದ ಕರಾರನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಬಾಕಿ ಶುಲ್ಕವನ್ನು ದಂಡಸಮೇತ ಕಟ್ಟಿದ ಮೇಲಷ್ಟೇ ಅದಕ್ಕೆ ಬೆಲೆ.

ಶುಲ್ಕ ಲೆಕ್ಕವಾಗುವುದು ಮನೆ ಇರುವ ರಾಜ್ಯದ ನಿಯಮದಂತೆ. ಮಾಲೀಕರು ದೆಹಲಿಯಲ್ಲಿದ್ದು ಮನೆ ಬೆಂಗಳೂರಿನಲ್ಲಿದ್ದರೆ ಕರ್ನಾಟಕದ ಶುಲ್ಕವನ್ನೇ ಕಟ್ಟಬೇಕು. ಸಹಿಗಾಗಿ ರೈಲು ಹತ್ತಬೇಕಿಲ್ಲ, ಇಬ್ಬರೂ ಇದ್ದಲ್ಲಿಂದಲೇ ಇ-ಸಹಿ ಹಾಕಬಹುದು. ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ಮೂಲಕ ಪಡೆದ ಇ-ಸ್ಟಾಂಪ್ ಪತ್ರವಾದರೆ ಅದರ ಮೇಲಿನ ವಿವರಗಳನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಅದು ಅಸಲಿಯೋ ನಕಲಿಯೋ ನೋಡಬಹುದು.

11 ತಿಂಗಳ ಲೆಕ್ಕ ಎಲ್ಲೆಡೆ ನಡೆಯದು

1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲೆಂದೇ 11 ತಿಂಗಳ ಕರಾರು ರೂಢಿಗೆ ಬಂತು. ಊರಿನಲ್ಲಿ ಕಂಡ ಈ ರೂಢಿಯನ್ನೇ ನೆಚ್ಚಿಕೊಂಡು ಮುಂಬೈ, ಪುಣೆಗೆ ಬಂದವರು ಎಡವುವುದು ಇಲ್ಲೇ.

ಮಹಾರಾಷ್ಟ್ರದಲ್ಲಿ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಎಷ್ಟೇ ತಿಂಗಳದ್ದಾದರೂ ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಈ ಹೊಣೆಯನ್ನು ಮನೆ ಮಾಲೀಕರ ಮೇಲೆ ಹೊರಿಸಿದೆ. ತಪ್ಪಿದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಂದಾಯಿತ ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ನಿಲ್ಲುತ್ತದೆ, ಅದು ಸುಳ್ಳೆಂದು ಸಾಬೀತಾಗುವವರೆಗೆ. ಹಾಗೆಂದು ಬಾಡಿಗೆದಾರರು ನಿಶ್ಚಿಂತರಾಗಿರುವಂತಿಲ್ಲ. ಕೊಟ್ಟ ಅಡ್ವಾನ್ಸ್ ವಾಪಸ್ ಕೇಳುವಾಗ ಕೈಯಲ್ಲಿರುವ ಗಟ್ಟಿ ಆಧಾರ ನೋಂದಾಯಿತ ಪತ್ರವೇ.

ತಮಿಳುನಾಡಿನಲ್ಲಿ 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಬಾಡಿಗೆ ಕಾಯ್ದೆಯಂತೆ ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಿಸಿ ನೋಂದಣಿ ಸಂಖ್ಯೆ ಪಡೆಯಬೇಕು. ಚೆನ್ನೈನಲ್ಲಿ ಮನೆ ಹಿಡಿಯುವವರು ಆ ಸಂಖ್ಯೆಯನ್ನು ಕೇಳಿ ಪಡೆಯುವುದು ಒಳ್ಳೆಯದು.

ಮುಂಬೈ, ಪುಣೆಯಲ್ಲಿ ಖರ್ಚೆಷ್ಟು?

ಮಹಾರಾಷ್ಟ್ರದ ನೋಂದಣಿ ಇಲಾಖೆ ಆನ್‌ಲೈನ್ ನೋಂದಣಿಗೂ ಅವಕಾಶ ಕೊಟ್ಟಿದೆ. ವಿವರ ತುಂಬಿ, ಶುಲ್ಕ ಕಟ್ಟಿ, ಆಧಾರ್ ಜೊತೆ ಹೋಲಿಸುವ ಬೆರಳಚ್ಚು ಮತ್ತು ವೆಬ್‌ಕ್ಯಾಮ್ ಫೋಟೊ ಕೊಟ್ಟರೆ ಕರಾರು ಉಪ ನೋಂದಣಾಧಿಕಾರಿಗೆ ಹೋಗುತ್ತದೆ. ಅವರು ಒಪ್ಪಿದ ಮೇಲೆಯೇ ಅದು ನೋಂದಾಯಿತ ದಾಖಲೆ.

ಶುಲ್ಕವನ್ನು ನೀವೇ ಲೆಕ್ಕ ಹಾಕಬಹುದು. ತಿಂಗಳಿಗೆ 25,000 ರೂಪಾಯಿ ಬಾಡಿಗೆ, 1 ಲಕ್ಷ ರೂಪಾಯಿ ಅಡ್ವಾನ್ಸ್, ಅವಧಿ 24 ತಿಂಗಳು ಎಂದುಕೊಳ್ಳಿ. ಒಟ್ಟು ಬಾಡಿಗೆ 6 ಲಕ್ಷ. ಅಡ್ವಾನ್ಸ್ ಮೇಲೆ ವರ್ಷಕ್ಕೆ ಶೇ 10ರಂತೆ ಬಡ್ಡಿ ಎಂದು ಲೆಕ್ಕ ಹಿಡಿದರೆ 2 ವರ್ಷಕ್ಕೆ 20,000. ಒಟ್ಟು 6,20,000 ರೂಪಾಯಿಗೆ ಶೇ 0.25ರಂತೆ ಮುದ್ರಾಂಕ ಶುಲ್ಕ 1,550 ರೂಪಾಯಿ. ನಗರ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಇದರ ಮೇಲೆ ಏಜೆಂಟರು ಕೇಳುವುದರಲ್ಲಿ ಹೆಚ್ಚಿನದು ಅವರ ಸೇವಾ ಶುಲ್ಕ. ಸರ್ಕಾರಕ್ಕೆ ಕಟ್ಟಿದ್ದಕ್ಕೆ ರಸೀದಿ ಕೇಳಿ.

ಒಟಿಪಿ ಒತ್ತುವ ಮುನ್ನ

* ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ. ವಿದೇಶಕ್ಕೆ ಹೋಗಿ ಹಳೆಯ ಸಿಮ್ ಬಿಟ್ಟ ಮಾಲೀಕರಿಗೆ ಒಟಿಪಿಯೇ ಬರುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಕೇಳಿಕೊಳ್ಳಿ.
* ಫೋನಿನಲ್ಲಿ ಬ್ರೋಕರ್‌ಗೆ ಒಟಿಪಿ ಹೇಳಬೇಡಿ. ಅದು ಖಾಲಿ ಕಾಗದಕ್ಕೆ ಸಹಿ ಹಾಕಿಕೊಟ್ಟಂತೆ. ಲಿಂಕ್ ತೆರೆದು, ಪೂರ್ತಿ ಕರಾರು ಓದಿ, ನೀವೇ ಹಾಕಿ.
* ಬಾಡಿಗೆ, ಅಡ್ವಾನ್ಸ್, ಅದು ಮರಳುವ ಗಡುವು, ಬಣ್ಣ ಬಳಿಯುವ ಖರ್ಚು, ಮನೆ ಬಿಡಲು ಕೊಡಬೇಕಾದ ನೋಟಿಸ್ ಅವಧಿ ಸ್ಪಷ್ಟವಾಗಿ ಬರೆದಿದೆಯೇ ನೋಡಿ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಹೋಗಲಿ.
* ಸಹಿಯಾದ ಪಿಡಿಎಫ್ ಕಡತವನ್ನೇ ಉಳಿಸಿಕೊಳ್ಳಿ. ಪ್ರಿಂಟ್ ತೆಗೆದ ಕಾಗದದಲ್ಲಿ ಡಿಜಿಟಲ್ ಸಹಿಯನ್ನು ಪರಿಶೀಲಿಸಲು ಆಗುವುದಿಲ್ಲ. ಅಡೋಬಿ ರೀಡರ್‌ನಲ್ಲಿ ತೆರೆದಾಗ ಹಸಿರು ಗುರುತಿನ ಬದಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಸಹಿ ನಕಲಿ ಎಂದರ್ಥವಲ್ಲ. ಸಹಿ ನೀಡಿದ ಸಂಸ್ಥೆಯನ್ನು ನಿಮ್ಮ ಕಂಪ್ಯೂಟರ್ ಇನ್ನೂ ಗುರುತಿಸಿಲ್ಲ ಎಂದಿರಬಹುದು. ದಾಖಲೆ ಬದಲಾಗಿದೆ ಎಂಬ ಸೂಚನೆ ಬಂದರೆ ಮಾತ್ರ ಎಚ್ಚರವಾಗಿ.

ಕರಾರು ನೋಂದಣಿಯಾದರೂ ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡುವ ಕೆಲಸ ಬೇರೆಯೇ. ಮುಂಬೈನಲ್ಲಿ ಅದನ್ನೂ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ಹಾಗಾಗಿ ಸಹಿ ಆಯಿತು ಎಂಬ ಸಂದೇಶ ಬಂದ ದಿನ ಮಾಲೀಕರಿಗಾಗಲಿ ಬ್ರೋಕರ್‌ಗಾಗಲಿ ಇನ್ನೆರಡು ಪ್ರಶ್ನೆ ಕೇಳಿ: ಸ್ಟಾಂಪ್ ಯಾವಾಗ ಕಟ್ಟಿದ್ದು? ನೋಂದಣಿ ಸಂಖ್ಯೆ ಏನು? ಎರಡಕ್ಕೂ ಉತ್ತರ ಸಿಕ್ಕ ಮೇಲೆ ಸಾಮಾನು ಸಾಗಿಸುವ ಟೆಂಪೊ ಕರೆಸಿದರೆ ಆಯಿತು.