ಬಂಡೆಗುಡ್ಡದ ನಾಚಿಕೆಯ ಬುಲ್‌ಬುಲ್

ಬುಲ್‌ಬುಲ್ ಎಂಬ ಹೆಸರು ನಿಮಗೆ ಹೊಸದಲ್ಲ. ಉರ್ದು ಗಝಲ್‌ಗಳಲ್ಲಿ ಗುಲಾಬಿಗಾಗಿ ಹಂಬಲಿಸಿ ಹಾಡುವ ಹಕ್ಕಿ ಅದು. ಆದರೆ ಪಾರಸಿ ಕವಿಗಳು ಕಂಡ ಬುಲ್‌ಬುಲ್ ಬೇರೆ, ನಮ್ಮ ನಾಡಿನದು ಬೇರೆ. ನಮ್ಮದಕ್ಕೆ ಕನ್ನಡದಲ್ಲಿ ಪಿಕಳಾರ ಎಂದು ಹೆಸರು. ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇರುವ ಪಿಕಳಾರವನ್ನು ನಿಮ್ಮ ಹಿತ್ತಲಲ್ಲೇ ನೋಡಿರುತ್ತೀರಿ.

ಈ ಕುಟುಂಬದಲ್ಲಿ ಜನರ ಕಣ್ಣಿಗೆ ಬೀಳಲು ನಾಚುವ ಒಂದು ಹಕ್ಕಿಯಿದೆ. ಅದೇ ಹಳದಿ ಕೊರಳಿನ ಪಿಕಳಾರ. ಉದ್ದ ಸುಮಾರು 20 ಸೆಂಟಿಮೀಟರ್. ಬೂದು ಮೈ, ಹಳದಿ ತಲೆ ಮತ್ತು ಕೊರಳು, ಜುಟ್ಟಿಲ್ಲ. ಹತ್ತಿರ ಹೋದರೆ ಪೊದೆಯೊಳಗೆ ಮರೆಯಾಗುತ್ತದೆ, ದನಿ ಮಾತ್ರ ಕೇಳಿಸುತ್ತದೆ.

ನಾಚಿಕೆಯ ಹಾಡುಹಕ್ಕಿ ಎಂದರೆ ಮಲೆನಾಡಿನ ಮಳೆಕಾಡು ನೆನಪಾಗುವುದು ಸಹಜ. ಅಲ್ಲಾಹನು ಈ ಹಕ್ಕಿಗೆ ಕೊಟ್ಟಿರುವುದು ಕುರುಚಲು ಬೆಳೆದ ಒಣ ಬಂಡೆಗುಡ್ಡಗಳನ್ನು. ದಕ್ಷಿಣ ಭಾರತ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದಿಲ್ಲ. ನಂದಿಬೆಟ್ಟ, ಹಂಪಿ ಬಳಿಯ ದರೋಜಿ ಇದರ ಹೆಸರಾಂತ ನೆಲೆಗಳು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವಾಗ ಕಾಣುವ ಕಲ್ಲುಗುಡ್ಡಗಳೂ ಅದೇ ಬಗೆಯವು. ಅತ್ತ ಹೋದಾಗ ಬೆಳಗಿನ ಹೊತ್ತು ಸ್ವಲ್ಪ ನಿಂತು ಕಿವಿಗೊಡಿ.

ಕಾಡುಹಣ್ಣು, ಹುಳು ಇದರ ಆಹಾರ. ತಿಂದ ಹಣ್ಣಿನ ಬೀಜಗಳನ್ನು ಬಂಡೆಯ ಸಂದುಗಳಿಗೆ ಸಾಗಿಸಿ ಗುಡ್ಡವನ್ನು ಹಸಿರಾಗಿಡುತ್ತದೆ. ಕಲ್ಲುಗಣಿಗಾರಿಕೆ, ಕಾಡುಕಿಚ್ಚು, ಸೌದೆಗಾಗಿ ಪೊದೆ ಕಡಿಯುವುದು ಇದರ ಮನೆಯನ್ನೇ ಕಸಿಯುತ್ತಿವೆ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದು ಅಪಾಯದ ಅಂಚಿನ ಹಕ್ಕಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳು 1892ರಲ್ಲಿ ಬಿ.ಎಲ್. ರೈಸ್ ಅವರಿಗೆ ದೊರೆತವು. ತಂದೆತಾಯಿಯ ಮಾತು ಕೇಳುವುದು, ಸತ್ಯ ನುಡಿಯುವುದು, ಇವುಗಳ ಜೊತೆಗೇ ಜೀವಿಗಳ ಮೇಲಿನ ದಯೆಯನ್ನೂ ಆ ಬಂಡೆಗಳು ಬೋಧಿಸುತ್ತವೆ.

ನಮಗೂ ಈ ಪಾಠ ಹೊಸದಲ್ಲ. ಒಮ್ಮೆ ಪ್ರಯಾಣದಲ್ಲಿ ಕೆಲವು ಸಂಗಾತಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಹಿಡಿದುಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಅದನ್ನು ಕಂಡ ಪ್ರವಾದಿ ಮುಹಮ್ಮದ್(ಸ), ಮರಿಗಳನ್ನು ತಾಯಿಗೆ ಮರಳಿಸಲು ಹೇಳಿದರು. ಅಬೂದಾವೂದ್‌ನಲ್ಲಿ ಈ ಘಟನೆ ವರದಿಯಾಗಿದೆ. ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ.

ಗೂಡಿನಿಂದ ಮರಿ ತೆಗೆದರೆ ಒಂದು ತಾಯಿ ಅಳುತ್ತದೆ, ಗುಡ್ಡವನ್ನೇ ತೆಗೆದರೆ? ಪಂಜರದ ಕಾಡುಹಕ್ಕಿ ಬೇಕೆಂದು ನಿಮ್ಮ ಮಕ್ಕಳು ಹಟ ಹಿಡಿದರೆ ಈ ಘಟನೆಯನ್ನು ಹೇಳಿ. ಗುಡ್ಡದ ಹುಲ್ಲಿಗೆ ಬೆಂಕಿ ಇಡುವವರನ್ನು ತಡೆಯಿರಿ. ಬೇಸಿಗೆಯಲ್ಲಿ ಅಂಗಳದಲ್ಲೊಂದು ಬಟ್ಟಲು ನೀರಿಡಿ. ಯಾವ ಜೀವಿಗೆ ನೀರುಣಿಸಿದರೂ ಪುಣ್ಯವಿದೆ ಎಂಬುದನ್ನು ಮರೆಯದಿರಿ.