ಅತ್ತಿಬೆಲೆಗೆ ಫೈರ್ ಎಂಜಿನ್ ಕಳಿಸೋದು ಯಾರ ಹೊಣೆ?

2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ದೀಪಾವಳಿ ಸೀಸನ್‌ಗೆ ದುಡಿಯಲು ತಮಿಳುನಾಡಿನಿಂದ ಬಂದಿದ್ದ ಹುಡುಗರು. ಆಗ ನಡೆದ ಚರ್ಚೆಯೆಲ್ಲ ಲೈಸೆನ್ಸ್ ಕೊಟ್ಟವರು ಯಾರು ಅನ್ನೋದರ ಸುತ್ತಲೇ. ಅದು ಆಗಬೇಕಾದ ಚರ್ಚೆಯೇ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ: ಇಂಥ ಊರುಗಳು ಬೆಳೆಯುವಾಗ ಅಗ್ನಿಶಾಮಕ ಠಾಣೆಯೂ ಜೊತೆಗೇ ಬೆಳೆಯಬೇಕು ಅಂತ ನೋಡಿಕೊಳ್ಳುವವರು ಯಾರು?

ಹೊಸೂರು ರಸ್ತೆಯಲ್ಲಿ ಒಮ್ಮೆ ಹೋಗಿ ಬನ್ನಿ. ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ, ಗಡಿ ದಾಟಿದರೆ ಹೊಸೂರು. ಎಲ್ಲಿ ಒಂದು ಊರು ಮುಗಿದು ಇನ್ನೊಂದು ಶುರುವಾಗುತ್ತೆ ಅಂತ ಕಣ್ಣಿಗೆ ಗೊತ್ತಾಗಲ್ಲ. ಕಾಗದದ ಮೇಲೆ ಮಾತ್ರ ಒಂದೊಂದಕ್ಕೂ ಪ್ರತ್ಯೇಕ ಸ್ಥಳೀಯ ಸಂಸ್ಥೆ. ಹೊಸೂರಂತೂ ಬೇರೆಯೇ ರಾಜ್ಯ, 2019ರಿಂದ ಮಹಾನಗರ ಪಾಲಿಕೆ.

ಸಂವಿಧಾನದ 74ನೇ ತಿದ್ದುಪಡಿ ತಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ಅದರಲ್ಲಿ ಅಗ್ನಿಶಾಮಕ ಸೇವೆಯೂ ಒಂದು. ಕರ್ನಾಟಕ ಅದನ್ನು ಬಿಟ್ಟುಕೊಟ್ಟಿಲ್ಲ. 1964ರ ಕಾಯ್ದೆಯಡಿ ಇಲ್ಲಿ ದಳ ನಡೆಸೋದು ರಾಜ್ಯವೇ, ಗೃಹ ಇಲಾಖೆಯ ಮೂಲಕ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಾಗಲೂ ಇದು ಬದಲಾಗಲಿಲ್ಲ.

ಇದರ ಪರಿಣಾಮ ನೋಡಿ. ಕಟ್ಟಡಕ್ಕೆ ಪರವಾನಗಿ ಕೊಡೋದು, ಆಸ್ತಿ ತೆರಿಗೆ ವಸೂಲಿ ಮಾಡೋದು ಪುರಸಭೆ. ಠಾಣೆ ಕಟ್ಟಿ ಸಂಬಳ ಕೊಡಬೇಕಾದದ್ದು ರಾಜ್ಯ. ಎತ್ತರದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಬೇಕು, ನಿಜ. ಆದರೆ ಎನ್‌ಒಸಿ ನೋಡೋದು ಆ ಒಂದು ಕಟ್ಟಡದ ಮೆಟ್ಟಿಲು, ನೀರಿನ ತೊಟ್ಟಿ, ಸ್ಪ್ರಿಂಕ್ಲರ್‌ಗಳನ್ನು. ಅದೇ ರಸ್ತೆಯಲ್ಲಿ ಇನ್ನೂ ಇಪ್ಪತ್ತು ಕಟ್ಟಡ ಎದ್ದರೆ ಈಗಿರುವ ಠಾಣೆ ಸಾಕಾಗುತ್ತಾ ಅನ್ನೋ ಲೆಕ್ಕವನ್ನು ಪರವಾನಗಿ ಕೊಡುವ ಮೇಜಿನಲ್ಲಿ ಯಾರೂ ಕೇಳಲ್ಲ.

ಲೆಕ್ಕವೇನೂ ಕಷ್ಟದ್ದಲ್ಲ. ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿಯ ಮಾನದಂಡದ ಪ್ರಕಾರ ನಗರದಲ್ಲಿ ವಾಹನ 5ರಿಂದ 7 ನಿಮಿಷದಲ್ಲಿ ತಲುಪಬೇಕು, ಹಳ್ಳಿಯಲ್ಲಿ 20. ಸಂಜೆ ಆರು ಗಂಟೆಯ ಹೊಸೂರು ರಸ್ತೆಯಲ್ಲಿ ಏಳು ನಿಮಿಷಕ್ಕೆ ಎಷ್ಟು ದೂರ ಹೋಗಬಹುದು, ನೀವೇ ಹೇಳಿ. ಬಂದು ತಲುಪಿದ ಮೇಲೂ ಕಥೆ ಮುಗಿಯಲ್ಲ. ಒಂದು ವಾಟರ್ ಟೆಂಡರ್‌ನಲ್ಲಿ ಸಾಮಾನ್ಯವಾಗಿ ಸುಮಾರು 4,500 ಲೀಟರ್ ನೀರಿರುತ್ತೆ. ಪಂಪ್ ಪೂರ್ತಿ ಬಿಟ್ಟರೆ ಕೆಲವೇ ನಿಮಿಷದಲ್ಲಿ ಖಾಲಿ. ಹಾಗಾಗಿ ಎರಡನೇ, ಮೂರನೇ ಗಾಡಿ ಎಲ್ಲಿಂದ ಬರುತ್ತೆ, ಮೊದಲನೆಯದು ಎಲ್ಲಿ ನೀರು ತುಂಬಿಸಿಕೊಳ್ಳುತ್ತೆ ಅನ್ನೋದರ ಮೇಲೇ ಎಲ್ಲ ನಿಂತಿದೆ. ಬೋರ್‌ವೆಲ್ಲು, ಟ್ಯಾಂಕರ್ ನೀರಲ್ಲಿ ದಿನ ದೂಡುವ ಬಡಾವಣೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಹಾಗಾದರೆ ದಳವನ್ನು ಪಾಲಿಕೆಗೇ ಕೊಟ್ಟುಬಿಡೋಣವೇ? ಮಹಾರಾಷ್ಟ್ರದಲ್ಲಿ ಹಾಗೇ ಇದೆ. ಪುಣೆಗೊಂದು ದಳ, ಅದಕ್ಕೆ ಅಂಟಿಕೊಂಡೇ ಬೆಳೆದು 1982ರಲ್ಲಿ ಪಾಲಿಕೆಯಾದ ಪಿಂಪ್ರಿ-ಚಿಂಚವಾಡಕ್ಕೆ ಇನ್ನೊಂದು, ಎಂಐಡಿಸಿ ಕೈಗಾರಿಕಾ ಪ್ರದೇಶಗಳಿಗೆ ಮತ್ತೊಂದು. ತೆರಿಗೆ ಕಟ್ಟುವವನು ಠಾಣೆ ಎಲ್ಲಿ ಅಂತ ಕಾರ್ಪೊರೇಟರ್‌ನನ್ನೇ ಕೇಳಬಹುದು, ಅದು ದೊಡ್ಡ ಲಾಭ. ಆದರೂ ಅತ್ತಿಬೆಲೆಯ ದುರಂತ ನಡೆದ ಎರಡೇ ತಿಂಗಳಿಗೆ, 2023ರ ಡಿಸೆಂಬರ್‌ನಲ್ಲಿ, ಪಿಂಪ್ರಿ-ಚಿಂಚವಾಡದ ತಳವಡೆಯಲ್ಲಿ ಕೇಕ್ ಮೇಲೆ ಹಚ್ಚುವ ಸ್ಪಾರ್ಕಲ್ ಕ್ಯಾಂಡಲ್ ಕಾರ್ಖಾನೆ ಹೊತ್ತಿ ಕಾರ್ಮಿಕ ಮಹಿಳೆಯರು ಸತ್ತರು. ಸ್ವಂತ ದಳ ಇದ್ದ ಮಾತ್ರಕ್ಕೆ ಶೆಡ್ಡಿನೊಳಗೆ ಏನಿದೆ ಅಂತ ಹೋಗಿ ನೋಡುವವರು ಇರುತ್ತಾರೆ ಅಂತಿಲ್ಲ. ಜೊತೆಗೆ, ಬಡ ಪುರಸಭೆಗೆ ದಳ ವಹಿಸಿದರೆ ಬಣ್ಣ ಮಾಸಿದ ಒಂದು ಗಾಡಿ, ಡ್ರೈವರ್ ಇಲ್ಲದ ಇನ್ನೊಂದು ಗಾಡಿ ಸಿಗುವ ಅಪಾಯವೂ ಇದೆ. ಒಂದೇ ರಾಜ್ಯದಳ ಇದ್ದರೆ ಪಕ್ಕದ ಊರಿನ ಠಾಣೆಯಿಂದ ಗಾಡಿ ಕರೆಸಲು ಯಾರನ್ನೂ ಬೇಡಬೇಕಿಲ್ಲ. ಅದಕ್ಕೇ ನಾನು ಪೂರ್ತಿ ವಿಕೇಂದ್ರೀಕರಣದ ಪರ ಇಲ್ಲ.

ನನಗೆ ಸರಿ ಅನ್ನಿಸೋದು ಇದು: ದಳ ರಾಜ್ಯದ್ದೇ ಇರಲಿ, ಆದರೆ ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಠಾಣೆಗೆ ಜಾಗ, ನೀರು ತುಂಬಿಸುವ ಪಾಯಿಂಟ್ ನಕ್ಷೆಯಲ್ಲಿ ಇರಬೇಕು, ಪರವಾನಗಿ ಶುಲ್ಕದ ಒಂದು ಪಾಲು ಅದಕ್ಕೇ ಮೀಸಲಾಗಬೇಕು. 2023ರಲ್ಲಿ ಕೇಂದ್ರ ಅಗ್ನಿಶಾಮಕ ಸೇವೆಗಳ ವಿಸ್ತರಣೆ, ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆ ತಂದಿದೆ. ನಮ್ಮಂಥ ರಾಜ್ಯಗಳು ಯೋಜನಾ ವೆಚ್ಚದ ಶೇ 25ರಷ್ಟನ್ನು ಸ್ವಂತ ಬಜೆಟ್‌ನಿಂದ ಹಾಕಬೇಕು. ಹೊಸೂರು ಜೊತೆಗಂತೂ ಲಿಖಿತ ಒಪ್ಪಂದ ಬೇಕು: ಗಡಿಯ ಈಚೆಗೆ ಹೊತ್ತಿದರೆ ಆಚೆಯ ಕಂಟ್ರೋಲ್ ರೂಮಿಗೂ ಮೊದಲ ನಿಮಿಷದಲ್ಲೇ ಕರೆ ಹೋಗಬೇಕು, ಡಿಸಿಗಳ ನಡುವೆ ಫೋನ್ ಓಡಾಡಿದ ಮೇಲಲ್ಲ.